ಗುಂಡು ತೆಗೆದರೂ ಮಾಯದ ಗಾಯ

ಉಕ್ರೇನ್ ಯುದ್ಧದ ಸುದ್ದಿಯಲ್ಲಿ ಕ್ಷಿಪಣಿ, ಡ್ರೋನ್‌ಗಳ ಲೆಕ್ಕ ದಿನವೂ ಸಿಗುತ್ತದೆ. ಗಾಯಾಳುಗಳು ಆಸ್ಪತ್ರೆ ಸೇರಿದ ಮೇಲೆ ಏನಾಗುತ್ತದೆ ಎಂಬುದು ಅಷ್ಟಾಗಿ ವರದಿಯಾಗುವುದಿಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2023ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದು ಈ ಬಗ್ಗೆ ಹೇಳಿತು. ಅಲ್ಲಿನ ಕೆಲವು ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಒಳಗೇ ತಗುಲಿದ ಸೋಂಕುಗಳ ಪೈಕಿ ಶೇ 60ರಲ್ಲಿ ಕಾರ್ಬಪೆನೆಮ್‌ಗೂ ಬಗ್ಗದ ಬ್ಯಾಕ್ಟೀರಿಯಾ ಇದ್ದವು. ಬೇರೆ ಆ್ಯಂಟಿಬಯಾಟಿಕ್‌ಗಳು ಸೋತಾಗ ವೈದ್ಯರು ಬಳಸುವ ಔಷಧಗಳ ಗುಂಪು ಅದು.

ಇದು ಮೆಡಿಕಲ್ ವಿದ್ಯಾರ್ಥಿಗಳ ವಿಷಯ ಎಂದು ನನ್ನಂಥ ಬಿ.ಇ. ಓದುವವರು ಪುಟ ತಿರುಗಿಸಬಹುದು. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಕರೆಂಟಿನ ಸಮಸ್ಯೆ. ಗಾಯದಲ್ಲಿರುವ ಬ್ಯಾಕ್ಟೀರಿಯಾ ಯಾವುದು, ಯಾವ ಔಷಧಕ್ಕೆ ಸಾಯುತ್ತದೆ ಎಂದು ತಿಳಿಯಲು ಕಲ್ಚರ್ ಪರೀಕ್ಷೆ ಬೇಕು. ಅದಕ್ಕೆ ಮಾದರಿಯನ್ನು ಇನ್‌ಕ್ಯುಬೇಟರ್‌ನಲ್ಲಿ ಸುಮಾರು 37 ಡಿಗ್ರಿ ಶಾಖದಲ್ಲಿ ಒಂದು ದಿನವಾದರೂ ಇಡಬೇಕು. ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ಶುದ್ಧಗೊಳಿಸುವ ಆಟೊಕ್ಲೇವ್‌ಗೆ 121 ಡಿಗ್ರಿಯ ಹಬೆ ಬೇಕು. ರಷ್ಯಾ 2022ರ ಅಕ್ಟೋಬರ್‌ನಿಂದ ಉಕ್ರೇನಿನ ವಿದ್ಯುತ್ ಜಾಲವನ್ನೇ ಗುರಿ ಮಾಡಿತು. ಪರೀಕ್ಷೆಯ ವರದಿ ಕೈಗೆ ಬಾರದಿದ್ದರೆ ವೈದ್ಯರು ಏನು ಮಾಡಬೇಕು? ರೋಗಿ ನರಳುವುದನ್ನು ನೋಡುತ್ತ ಕೂರಲಾಗದು. ಅಂದಾಜಿನ ಮೇಲೆ ಬಲವಾದ ಔಷಧ ಕೊಡುತ್ತಾರೆ. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ ಔಷಧವನ್ನು ತಾಳಿಕೊಂಡ ಬ್ಯಾಕ್ಟೀರಿಯಾ ಉಳಿದು ಹೆಚ್ಚುತ್ತವೆ, ಪಕ್ಕದ ಹಾಸಿಗೆಗೂ ದಾಟುತ್ತವೆ. ಗಾಯಾಳುವನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸಿದಂತೆ ಅವೂ ಸಾಗುತ್ತವೆ. ಉಕ್ರೇನಿನಿಂದ ಬಂದ ರೋಗಿಗಳಲ್ಲಿ ಜರ್ಮನಿ, ನೆದರ್ಲೆಂಡ್ಸ್‌ನ ವೈದ್ಯರೂ ಇವನ್ನು ಕಂಡಿದ್ದಾರೆ.

ಇದು ಹೊಸ ಕಥೆಯೇನಲ್ಲ. 2003ರ ನಂತರ ಇರಾಕಿನಲ್ಲಿ ಗಾಯಗೊಂಡ ಅಮೆರಿಕದ ಸೈನಿಕರಲ್ಲಿ ಅಸಿನೆಟೊಬ್ಯಾಕ್ಟರ್ ಬೌಮಾನಿ ಎಂಬ ಬ್ಯಾಕ್ಟೀರಿಯಾ ಹರಡಿ, ಅದಕ್ಕೆ 'ಇರಾಕಿಬ್ಯಾಕ್ಟರ್' ಎಂಬ ಅಡ್ಡಹೆಸರು ಬಿತ್ತು. ಈ ಹೆಸರು ನನಗೆ ಅನ್ಯಾಯವೆನಿಸುತ್ತದೆ. ಹುಡುಕಿದಾಗ ಅದು ಹೆಚ್ಚಾಗಿ ಸಿಕ್ಕಿದ್ದು ಇರಾಕಿನ ಮಣ್ಣಿನಲ್ಲಲ್ಲ, ಸೇನೆಯದೇ ಆಸ್ಪತ್ರೆಗಳ ಒಳಗೆ.

ಯುದ್ಧಪೀಡಿತರಿಗೆ ನೆರವು ಎಂದರೆ ಔಷಧದ ಪೆಟ್ಟಿಗೆಗಳು ಎಂದೇ ನಾವು ತಿಳಿದಿದ್ದೇವೆ. ಜನರೇಟರ್, ಡೀಸೆಲ್, ಶುದ್ಧ ನೀರು, ಲ್ಯಾಬ್ ತಂತ್ರಜ್ಞರು ಕೂಡ ಅದೇ ಪಟ್ಟಿಯಲ್ಲಿ ಇರಬೇಕು. ಜೋರ್ಡಾನಿನ ಅಮ್ಮಾನ್‌ನಲ್ಲಿ 'ಗಡಿಗಳಿಲ್ಲದ ವೈದ್ಯರು' ಸಂಸ್ಥೆ 2006ರಿಂದ ನಡೆಸುತ್ತಿರುವ ಆಸ್ಪತ್ರೆಗೆ ಇರಾಕ್, ಸಿರಿಯಾ, ಯೆಮನ್‌ನ ಗಾಯಾಳುಗಳು ಬರುತ್ತಾರೆ. ಮೂಳೆಗೆ ಸೋಂಕು ತಗುಲಿದ ಅನುಮಾನವಿದ್ದರೆ ಅಲ್ಲಿ ಮೊದಲು ಮೂಳೆಯ ಚೂರನ್ನು ಲ್ಯಾಬ್‌ಗೆ ಕಳಿಸುತ್ತಾರೆ. ಯಾವ ಔಷಧ ಎಂಬುದು ವರದಿ ನೋಡಿದ ಮೇಲೆ ತೀರ್ಮಾನವಾಗುತ್ತದೆ.