ಅಲ್ಲಿ ಯಾರೂ ಇರಲಿಲ್ಲವಂತೆ

ಯೆಲ್ಲೋಸ್ಟೋನ್‌ಗೆ ಹೋಗಿಬಂದ ನಮ್ಮ ಸಾಫ್ಟ್‌ವೇರ್ ಮಂದಿ ಎರಡನ್ನು ತಪ್ಪದೇ ತರುತ್ತಾರೆ. ಒಂದು, ಓಲ್ಡ್ ಫೇತ್‌ಫುಲ್ ಚಿಮ್ಮುವ ವಿಡಿಯೋ. ಇನ್ನೊಂದು ಈ ಡೈಲಾಗು: "ಎಷ್ಟು ನೀಟಾಗಿ ಇಟ್ಕೊಂಡಿದಾರೆ ನೋಡು ಗುರೂ! ನಮ್ಮಲ್ಲಿ ಇದ್ದಿದ್ರೆ ಪಕ್ಕದಲ್ಲೊಂದು ಗುಡಿ ಕಟ್ಟಿ, ತೀರ್ಥ ಅಂತ ಹೆಸರಿಟ್ಟು, ಕಾಯಿ ಒಡೆದು ಹಾಳು ಮಾಡಿರೋರು." ಈ ಮಾತನ್ನು ನಾನು ಓಲ್ಡ್ ಫೇತ್‌ಫುಲ್ ಮುಂದಿನ ಬೆಂಚಿನ ಮೇಲೆ ಕೂತು ಅಚ್ಚ ಕನ್ನಡದಲ್ಲೇ ಕೇಳಿದ್ದೇನೆ. ಬೆಂಗಳೂರಿನ ಕಾಫಿ ಬ್ರೇಕುಗಳಲ್ಲಂತೂ ಲೆಕ್ಕವಿಲ್ಲ. ಹೇಳುವವರು ಕೆಟ್ಟವರಲ್ಲ, ನನ್ನ ಗೆಳೆಯರೇ. ಆದರೆ ಈ ಮಾತಿಗೆ ನನ್ನ ಬಲವಾದ ತಕರಾರಿದೆ.

ಜಾಗದ ಬಗ್ಗೆ ತಕರಾರಿಲ್ಲ ಬಿಡಿ. ಭೂಮಿಯ ಹೊಟ್ಟೆ ಕುದಿಯುವುದನ್ನು ಅಷ್ಟು ಹತ್ತಿರದಿಂದ ತೋರಿಸುವ ಇನ್ನೊಂದು ಜಾಗವನ್ನು ನಾನು ಕಂಡಿಲ್ಲ. ಬಿಸಿನೀರಿನ ಬುಗ್ಗೆ, ಕೆಸರುಗುಂಡಿ, ಹಬೆಬಿಲ ಎಲ್ಲಾ ಸೇರಿ 10,000ಕ್ಕೂ ಹೆಚ್ಚು. ಪ್ರಪಂಚದಲ್ಲಿರುವ ಗೀಸರ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಇವೆ. (ಗೀಸರ್ ಅಂದರೆ ನಮಗೆ ಬಾತ್‌ರೂಮಿನ ಡಬ್ಬ. ಇದು ನಿಜವಾದದ್ದು.) ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಬುಗ್ಗೆ 110 ಮೀಟರ್ ಅಗಲದ ನೀಲಿ ಕಣ್ಣಿನ ಹಾಗಿದೆ. ಅದರ ಅಂಚಿನ ಹಳದಿ, ಕೇಸರಿ ಬಣ್ಣಗಳು ಬಿಸಿನೀರಿನಲ್ಲಿ ಬದುಕುವ ಸೂಕ್ಷ್ಮಜೀವಿಗಳದ್ದು. ನೀರು ಹೊರಗೆ ಹರಿದು ತಣ್ಣಗಾದ ಹಾಗೆ ಜೀವಿಗಳೂ ಬದಲಾಗುತ್ತವೆ, ಬಣ್ಣವೂ ಬದಲಾಗುತ್ತದೆ. ಮರದ ಹಲಗೆಯ ದಾರಿ ಬಿಟ್ಟು ಇಳಿಯಬಾರದು ಅನ್ನೋ ರೂಲು ಕೂಡ ಸರಿಯೇ. ಕಾಲಡಿಯ ಹೆಪ್ಪು ತೆಳ್ಳಗಿರುತ್ತದೆ. ಆ ನೀರಿನಲ್ಲಿ ಬೆಂದು ಸತ್ತವರು ಇಪ್ಪತ್ತಕ್ಕೂ ಹೆಚ್ಚು ಜನ.

ಈಗ 'ನೀಟಾಗಿ ಇಟ್ಕೊಂಡಿದಾರೆ' ಅನ್ನುವ ವಿಷಯ. ಯಾವಾಗಿನಿಂದ? 1880ರ ದಶಕದ ಪ್ರವಾಸಿಗರು ಓಲ್ಡ್ ಫೇತ್‌ಫುಲ್ ಬಾಯಿಗೆ ಕೊಳೆಬಟ್ಟೆ ತುಂಬಿ, ಅದು ಚಿಮ್ಮುವಾಗ ಒಗೆದು ಬರಲಿ ಎಂದು ಕಾಯುತ್ತಿದ್ದರು. ಬೇಗ ಚಿಮ್ಮಲಿ ಎಂದು ಗೀಸರ್‌ಗಳಿಗೆ ಸೋಪು ಸುರಿಯುವ ಚಾಳಿಯೂ ಇತ್ತು. ಯೆಲ್ಲೋಸ್ಟೋನ್ ಸರೋವರದ ದಡದಲ್ಲಿ ಫಿಶಿಂಗ್ ಕೋನ್ ಎಂಬ ಬುಗ್ಗೆಯಿದೆ. ಸರೋವರದಲ್ಲಿ ಹಿಡಿದ ಮೀನನ್ನು ಗಾಳದಿಂದ ಬಿಡಿಸದೇ ಅದರೊಳಗೆ ಅದ್ದಿ ಬೇಯಿಸುವುದು ಆಗಿನ ದೊಡ್ಡ ಮೋಜು. ಮಾರ್ನಿಂಗ್ ಗ್ಲೋರಿ ಕೊಳದಿಂದ 1950ರಲ್ಲಿ ನೀರು ಹೊರಹಾಕಿದಾಗ ರಾಶಿರಾಶಿ ಚಿಲ್ಲರೆ ಕಾಸು, ಕರ್ಚೀಫು, ಕಸ ಎದ್ದು ಬಂತು. ನಮ್ಮೂರ ಕಲ್ಯಾಣಿಗೆ ಕಾಸು ಹಾಕುವವರನ್ನು ನೋಡಿ ನಗುತ್ತೀರಲ್ಲ, ಇವರೂ ಹಾಕಿದ್ದು ಅದೇ ಕಾಸು. ನಮ್ಮಲ್ಲಿ ಯಾರೂ ಪ್ಲಾಸ್ಟಿಕ್ ಬಿಸಾಡಲ್ಲ ಅಂತ ನಾನೇನೂ ವಾದಿಸುತ್ತಿಲ್ಲ. ಶಿಸ್ತು ಅವರ ರಕ್ತದಲ್ಲೇ ಇದೆ ಅನ್ನೋ ಕಥೆ ಬೇಡ, ಅಷ್ಟೇ. ಅದು ಕಾನೂನು, ದಂಡ, ಸಂಬಳ ಕೊಟ್ಟು ಇಟ್ಟ ರೇಂಜರ್‌ಗಳಿಂದ ಬಂದದ್ದು.

ಇದು ಸಣ್ಣ ವಿಷಯ. ದೊಡ್ಡದು ಬೇರೆ ಇದೆ.

'ನಮ್ಮಲ್ಲಿದ್ದಿದ್ರೆ ಜನ ಹಾಳು ಮಾಡಿರೋರು' ಎಂದು ಹೇಳುವಾಗ, ಯೆಲ್ಲೋಸ್ಟೋನ್‌ನಲ್ಲಿ ಜನವೇ ಇರಲಿಲ್ಲ ಎಂದು ನಂಬಿಯೇ ಹೇಳುತ್ತೇವೆ. 1872ರ ಮಾರ್ಚ್ 1ರಂದು ಅಧ್ಯಕ್ಷ ಗ್ರ್ಯಾಂಟ್ ಸಹಿ ಹಾಕಿದಾಗ ಆ ಕಾಡು ಖಾಲಿ ಸೈಟಾಗಿತ್ತೇನೋ ಅನ್ನುವ ಹಾಗೆ. ಅಲ್ಲಿ ಮನುಷ್ಯರ ಓಡಾಟಕ್ಕೆ 11,000 ವರ್ಷಗಳ ಗುರುತಿದೆ. ಅಬ್ಸಿಡಿಯನ್ ಕ್ಲಿಫ್ ಎಂಬ ಕರಿಗಾಜಿನ ಬಂಡೆಯಿಂದ ಬಾಣದ ಮೊನೆಗೆ ಕಲ್ಲು ತೆಗೆಯುತ್ತಿದ್ದರು. ಆ ಕಲ್ಲು ಕೈಯಿಂದ ಕೈಗೆ ದಾಟಿ ಓಹಾಯೋವರೆಗೂ ಹೋಗಿದೆ. ಶೋಶೋನಿ ಜನರಲ್ಲಿ ಟುಕುಡಿಕಾ ಎಂಬ ಗುಂಪಿತ್ತು, ಕಾಡುಕುರಿ ಬೇಟೆಯವರು. ಕುರಿಯ ಕೊಂಬನ್ನು ಬಿಸಿನೀರಿನ ಬುಗ್ಗೆಯಲ್ಲಿ ನೆನೆಸಿ, ಮೆತ್ತಗೆ ಮಾಡಿ, ಬಗ್ಗಿಸಿ, ಬಿಲ್ಲು ಮಾಡುತ್ತಿದ್ದರು. ನಾವು ಸೆಲ್ಫಿ ತೆಗೆಯುವ ಬುಗ್ಗೆಗಳು ಅವರಿಗೆ ವರ್ಕ್‌ಶಾಪು.

ಪಾರ್ಕಾದ ಕೆಲವೇ ವರ್ಷಗಳಲ್ಲಿ ಇವರನ್ನೆಲ್ಲ ದೂರದ ರಿಸರ್ವೇಶನ್‌ಗಳಿಗೆ ಸಾಗಿಸಿದರು. ಪಾರ್ಕಿನ ಸೂಪರಿಂಟೆಂಡೆಂಟ್ ಆಗಿದ್ದ ಫಿಲೆಟಸ್ ನಾರಿಸ್, ಇಂಡಿಯನ್ನರಿಗೆ ಗೀಸರ್ ಕಂಡರೆ ದೆವ್ವದ ಭಯ, ಹಾಗಾಗಿ ಅವರು ಹತ್ತಿರ ಬರುತ್ತಿರಲಿಲ್ಲ ಎಂಬ ಕಥೆ ಹಬ್ಬಿಸಿದ. ಪ್ರವಾಸಿಗರು ಹೆದರದೇ ಬರಬೇಕಲ್ಲ! ಹಳೇ ಟೀಮಿನ ಹೆಸರನ್ನೆಲ್ಲ ಅಳಿಸಿ, ಇದು ಹೊಸದಾಗಿ ನಾವೇ ಶುರು ಮಾಡಿದ ಪ್ರಾಜೆಕ್ಟು ಎಂದು ಸ್ಲೈಡ್ ತೋರಿಸುವ ಮ್ಯಾನೇಜರುಗಳನ್ನು ನೀವೂ ಕಂಡಿರುತ್ತೀರಿ.

1877ರಲ್ಲಿ ನೆಜ್ ಪರ್ಸ್ ಜನ ತಮ್ಮ ನೆಲ ಕಳಕೊಂಡು, ಹೆಂಗಸರು ಮಕ್ಕಳೊಂದಿಗೆ, ಸೈನ್ಯದಿಂದ ತಪ್ಪಿಸಿಕೊಂಡು ಇದೇ ಪಾರ್ಕನ್ನು ಹಾದು ಹೋದರು. ದಾರಿಯಲ್ಲಿ ಪ್ರವಾಸಿಗರು ಎದುರಾದರು, ಘರ್ಷಣೆಯಲ್ಲಿ ಇಬ್ಬರು ಪ್ರವಾಸಿಗರು ಸತ್ತರು. ಕೆನಡಾ ಗಡಿಗೆ ಸುಮಾರು 40 ಮೈಲಿ ಇರುವಾಗ ಸೈನ್ಯ ಅವರನ್ನು ಹಿಡಿಯಿತು. ಮ್ಯಾಡಿಸನ್‌ನಿಂದ ಓಲ್ಡ್ ಫೇತ್‌ಫುಲ್‌ಗೆ ಹೋಗುವ ರಸ್ತೆಯಲ್ಲಿ ನೆಜ್ ಪರ್ಸ್ ಕ್ರೀಕ್ ಅಂತ ಒಂದು ಹಳ್ಳ ಸಿಗುತ್ತದೆ. ನಮ್ಮ ಕಾರುಗಳು ಅಲ್ಲಿ ನಿಲ್ಲುವುದಿಲ್ಲ, ಗೀಸರ್ ಟೈಮಿಂಗ್ ಮಿಸ್ ಆಗಿಬಿಡುತ್ತೆ.

ಓಲ್ಡ್ ಫೇತ್‌ಫುಲ್ ಅನ್ನುವ ಹೆಸರು 1870ರ ಆಗಸ್ಟಿನಲ್ಲಿ ಹೊರಟ ವಾಶ್‌ಬರ್ನ್ ತಂಡ ಇಟ್ಟದ್ದು. ತಂಡದ ಕಾವಲಿಗೆ ಹೋದ ಸೇನಾಧಿಕಾರಿ ಗುಸ್ತಾವಸ್ ಡೋನ್. ಅದೇ ವರ್ಷ ಜನವರಿಯಲ್ಲಿ ಮಾಂಟಾನಾದ ಮರಾಯಸ್ ನದಿ ದಂಡೆಯಲ್ಲಿ ಕಡಿಮೆಯೆಂದರೂ 173 ಪೀಗನ್ ಜನರನ್ನು ಕೊಂದ ಸೈನ್ಯದಲ್ಲಿ ಈತನೂ ಇದ್ದ. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಪಾರ್ಕಿನ ಒಂದು ಬೆಟ್ಟಕ್ಕೆ ಇವನ ಹೆಸರಿತ್ತು. ಅದನ್ನು ಬದಲಿಸಿ 'ಫಸ್ಟ್ ಪೀಪಲ್ಸ್ ಮೌಂಟನ್' ಎಂದು ಮಾಡಿದ್ದು 2022ರಲ್ಲಿ. ಅಮೆರಿಕನ್ನರೇ ಒಪ್ಪಿಕೊಳ್ಳಲು ಶುರು ಮಾಡಿದ ಮೇಲೂ ನಾವು ಮಾತ್ರ ಹಳೇ ಬ್ರೋಷರು ಓದುತ್ತಿದ್ದೇವೆ.

"ಜನರನ್ನು ಎಬ್ಬಿಸದಿದ್ದರೆ ಪ್ರಾಣಿ ಉಳಿಯುತ್ತಿತ್ತಾ?" ಅನ್ನುವ ಪ್ರಶ್ನೆ ಬರುತ್ತದೆ. ನ್ಯಾಯವಾದ ಪ್ರಶ್ನೆಯೇ. 1886ರಿಂದ 1918ರವರೆಗೆ ಪಾರ್ಕನ್ನು ಕಾದದ್ದು ಅಮೆರಿಕದ ಸೈನ್ಯ. ಕಳ್ಳಬೇಟೆಯಿಂದ ಕೊನೆಯ ಬೆರಳೆಣಿಕೆಯ ಕಾಡೆಮ್ಮೆಗಳನ್ನು ಉಳಿಸಿದ ಪುಣ್ಯ ಅವರದ್ದು, ಇಲ್ಲ ಅನ್ನೋದಿಲ್ಲ. ಆದರೆ ತೋಳಗಳು? 1926ರ ಹೊತ್ತಿಗೆ ಪಾರ್ಕಿನಲ್ಲಿ ಅವುಗಳನ್ನು ಕೊಂದು ಮುಗಿಸಿದವರು ಯಾವ ಬುಡಕಟ್ಟಿನವರೂ ಅಲ್ಲ, ಸರ್ಕಾರವೇ. 1995ರಲ್ಲಿ ಕೆನಡಾದಿಂದ ತೋಳ ತಂದು ಬಿಡಬೇಕಾಯಿತು. ಸಾವಿರಾರು ವರ್ಷ ತೋಳದ ಜೊತೆ ಬದುಕಿದವರು ಹೊರಗೆ, ಐವತ್ತೇ ವರ್ಷದಲ್ಲಿ ತೋಳ ಮುಗಿಸಿದವರು ಒಳಗೆ.

ನಮಗ್ಯಾಕೆ ಇದೆಲ್ಲ? ಆ ಡೈಲಾಗು ಏರ್‌ಪೋರ್ಟಿನಲ್ಲಿ ನಿಲ್ಲದೇ ಮನೆಗೂ ಬರುತ್ತದೆ. ಯೆಲ್ಲೋಸ್ಟೋನ್ ಆಗಿ ಸರಿಯಾಗಿ ನೂರು ವರ್ಷಕ್ಕೆ, 1972ರಲ್ಲಿ, ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಕಾಡು ಅಂದರೆ ಜನ ಇಲ್ಲದ ಜಾಗ ಅನ್ನುವ ಕಲ್ಪನೆಯೂ ಜೊತೆಗೇ ಬಂತು. ನಾಗರಹೊಳೆಯ ಹಾಡಿಗಳಿಂದ ಎಬ್ಬಿಸಿದ ಜೇನುಕುರುಬರು ಕೊಡಗಿನ ಕಾಫಿ ತೋಟಗಳ ಲೈನ್‌ಮನೆಗಳಿಗೆ ಕೂಲಿಯಾಗಿ ಹೋದರು. ಅವರು ಕಾಡಿನೊಳಗೆ ಇರಬಾರದು, ಸರಿ. ಆದರೆ 1990ರ ದಶಕದಲ್ಲಿ ಅದೇ ಕಾಡಿನೊಳಗೆ ಒಂದು ದೊಡ್ಡ ಹೋಟೆಲ್ ಕಂಪನಿಗೆ ರೆಸಾರ್ಟ್ ನಡೆಸಲು ಲೀಸ್ ಸಿಕ್ಕಿತು! ಆದಿವಾಸಿಗಳು ಹೋರಾಡಿದರು, 1997ರಲ್ಲಿ ಹೈಕೋರ್ಟು ಅವರ ಪರ ನಿಂತಿತು. 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಹಕ್ಕು ಇತ್ಯರ್ಥ ಮಾಡದೆ, ಗ್ರಾಮಸಭೆಯ ಒಪ್ಪಿಗೆ ಪಡೆಯದೆ ಯಾರನ್ನೂ ಎಬ್ಬಿಸುವಂತಿಲ್ಲ. ಆದರೂ ಲಂಚ್ ಟೇಬಲ್ಲಿನಲ್ಲಿ ಹುಲಿಯ ಮಾತು ಬಂದ ಕೂಡಲೇ "ಮೊದ್ಲು ಆ ಜನರನ್ನ ಖಾಲಿ ಮಾಡಿಸ್ಬೇಕು" ಎಂದು ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ನಾನು ಬೆಳೆದದ್ದು ಕಾಡಂಚಿನ ಊರಿನಲ್ಲಿ. ಗಾರ್ಡ್ ಬಂದ ಅಂದರೆ ತಲೆಮೇಲಿನ ಸೌದೆಹೊರೆ ಬಿಸಾಕಿ ಓಡುವ ಹೆಂಗಸರನ್ನು ನೋಡಿಕೊಂಡೇ ದೊಡ್ಡವನಾದೆ. ಅದೇ ದಾರಿಯಲ್ಲಿ ಸಫಾರಿ ಜೀಪಿಗೆ ಸೆಲ್ಯೂಟ್ ಬೀಳುತ್ತಿತ್ತು.

ಇನ್ನು ಆ ಗುಡಿ, ತೀರ್ಥದ ಮಾತು. ಪುತ್ತೂರಿನ ಹತ್ತಿರ ಇರ್ದೆಯಲ್ಲಿ ನಮ್ಮದೇ ಒಂದು ಬಿಸಿನೀರಿನ ಬುಗ್ಗೆ ಇದೆ, ಬೆಂದ್ರ್ ತೀರ್ಥ. ಹೌದು, ತೀರ್ಥ ಅಂತಲೇ ಹೆಸರು. ಹಿಮಾಚಲದ ಮಣಿಕರಣ್‌ನಲ್ಲಿ ಬುಗ್ಗೆಯ ನೀರಿನಲ್ಲೇ ಅನ್ನ, ಬೇಳೆ ಬೇಯಿಸಿ ಗುರುದ್ವಾರದಲ್ಲಿ ಬಂದವರಿಗೆಲ್ಲ ಬಡಿಸುತ್ತಾರೆ. ಇದರಲ್ಲಿ ನಾಚಿಕೆಪಡುವಂಥದ್ದು ಏನಿದೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಯೆಲ್ಲೋಸ್ಟೋನ್‌ಗೆ ಹೋಗಬೇಡಿ ಅನ್ನುತ್ತಿಲ್ಲ. ಹೋಗಿ, ಆ ಹಳ್ಳದ ಹತ್ತಿರ ಐದು ನಿಮಿಷ ಕಾರು ನಿಲ್ಲಿಸಿ. ಓಲ್ಡ್ ಫೇತ್‌ಫುಲ್ ಇನ್ನೊಂದೂವರೆ ಗಂಟೆಗೆ ಮತ್ತೆ ಚಿಮ್ಮುತ್ತೆ. ಮುಂದಿನ ಲಾಂಗ್ ವೀಕೆಂಡಿಗೆ ಕಬಿನಿ ಸಫಾರಿ ಬುಕ್ ಮಾಡಿದವರು ಜೀಪಿನ ಡ್ರೈವರಣ್ಣನನ್ನು ಒಂದು ಮಾತು ಕೇಳಿ: ಇಲ್ಲಿ ಮೊದಲು ಯಾವ ಹಾಡಿ ಇತ್ತು, ಅವರೆಲ್ಲ ಈಗ ಎಲ್ಲಿದ್ದಾರೆ ಅಂತ. ಹುಲಿ ಕಾಣದ ದಿನವಂತೂ ಮಾತಿಗೆ ಬೇಕಾದಷ್ಟು ಟೈಮಿರುತ್ತೆ.