ಕ್ಯಾಮೆರಾ ಲಕ್ಷದ್ದು, ಕಣ್ಣು ಯಾರದ್ದು?

ಮಿಂಚುಳ್ಳಿ ಮೀನು ಕಚ್ಚಿಕೊಂಡು ನೀರಿನಿಂದ ಮೇಲೇಳುವ ಫೋಟೊ ವಾಟ್ಸಾಪಿಗೆ ಬಂದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: 'ಯಾವ ಕ್ಯಾಮೆರಾ?' ಈ ಪ್ರಶ್ನೆಯೇ ತಪ್ಪು. 'ಅದು ಅಲ್ಲೇ ಧುಮುಕುತ್ತೆ ಅಂತ ಯಾರಿಗೆ ಗೊತ್ತಿತ್ತು?' ಎಂದು ಕೇಳಬೇಕು.

ಕ್ಯಾಮೆರಾ ಬದಲಾಗಿಲ್ಲ ಎಂದು ಯಾರೂ ಹೇಳುತ್ತಿಲ್ಲ. ರೋಲ್ ಕಾಲದಲ್ಲಿ ಒಂದು ರೋಲಿಗೆ 36 ಫೋಟೊ. ತೊಳೆಸಿದ ಮೇಲೆಯೇ ಹಣೆಬರಹ ಗೊತ್ತಾಗುತ್ತಿದ್ದದ್ದು. 2021ರಲ್ಲಿ ಬಂದ ಸೋನಿ ಎ1 ಸೆಕೆಂಡಿಗೆ 30 ಫೋಟೊ ತೆಗೆಯುತ್ತದೆ. ಆಗಿನ ಇಡೀ ರೋಲ್ ಈಗ ಒಂದೂಕಾಲು ಸೆಕೆಂಡಿಗೆ ಖಾಲಿ! ಹಕ್ಕಿಯ ಕಣ್ಣನ್ನು ಕ್ಯಾಮೆರಾವೇ ಹುಡುಕಿ ಫೋಕಸ್ ಮಾಡುತ್ತದೆ. ನಿಕಾನ್ ಝಡ್9 ಅಂತೂ ನೀವು ಬಟನ್ ಒತ್ತುವುದಕ್ಕೆ ಒಂದು ಸೆಕೆಂಡ್ ಮುಂಚಿನದ್ದನ್ನೂ ಉಳಿಸಿಕೊಡುತ್ತದೆ.

ಇನ್ನು ಕೌಶಲ ಯಾಕೆ ಅನ್ನುತ್ತಾರೆ ಕೆಲವರು. ಯಾಕೆಂದರೆ, ಆ ಒಂದು ಸೆಕೆಂಡ್ ಹಿಂದಕ್ಕೆ ಹೋಗಬೇಕಾದರೂ ಕ್ಯಾಮೆರಾ ಆಗಲೇ ಸರಿಯಾದ ಹಕ್ಕಿಯ ಕಡೆ ತಿರುಗಿರಬೇಕು. ನೂರು ಹಕ್ಕಿ ಕೂತ ಕೆರೆಯಲ್ಲಿ ಯಾವುದು, ಯಾವಾಗ, ಯಾವ ದಿಕ್ಕಿಗೆ ಹಾರುತ್ತೆ? ಅದನ್ನು ಯಾವ ಕಂಪನಿಯೂ ಡಬ್ಬಿಯಲ್ಲಿ ಹಾಕಿ ಮಾರುವುದಿಲ್ಲ.

ಅದು ಗೊತ್ತಿರುವುದು ನೋಡಿ ನೋಡಿ ಕಲಿತವರಿಗೆ. ದೊಡ್ಡ ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಮೇಲೇಳುತ್ತವೆ. ಗಾಳಿ ನಿಮ್ಮ ಬೆನ್ನಿಗೆ ಬೀಸುತ್ತಿದ್ದರೆ ಹಕ್ಕಿಯ ಮುಖ ಸಿಗುತ್ತದೆ, ಇಲ್ಲದಿದ್ದರೆ ಬಾಲ. ಕಪ್ಪು-ಬಿಳಿ ಮಿಂಚುಳ್ಳಿ ನೀರಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿದು, ಆಮೇಲೆ ಧುಮುಕುತ್ತದೆ. ಮರದ ಮೇಲಿನ ಮುಸುವ ಕೆಮ್ಮಿದ ಹಾಗೆ ಕೂಗಿ, ಜಿಂಕೆಯೂ ದನಿಗೂಡಿಸಿದರೆ ಹತ್ತಿರದಲ್ಲಿ ಹುಲಿಯೋ ಚಿರತೆಯೋ ಇದೆ ಎಂದೇ ಲೆಕ್ಕ. ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಇಳಿದಲ್ಲಿ ಹುಲ್ಲು ಚಿಗುರುತ್ತದೆ, ಆನೆ ಹಿಂಡು ಅಲ್ಲಿಗೇ ಬರುತ್ತದೆ.

ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ರೋಲ್ ಕಾಲದಲ್ಲೇ ಕರ್ನಾಟಕದ ಕಾಡನ್ನು ಫೋಟೊಗಳಲ್ಲಿ ತೋರಿಸಿದವರು. ಕೃಪಾಕರ-ಸೇನಾನಿ ವರ್ಷಗಟ್ಟಲೆ ಕೆನ್ನಾಯಿಗಳ ಬೆನ್ನು ಹತ್ತಿದ್ದರಿಂದಲೇ 'ದಿ ಪ್ಯಾಕ್' ಚಿತ್ರ ಆಯಿತು. 2010ರಲ್ಲಿ ಅದಕ್ಕೆ 'ಗ್ರೀನ್ ಆಸ್ಕರ್' ಎಂದು ಕರೆಯುವ ಪಾಂಡಾ ಪ್ರಶಸ್ತಿ ಬಂತು. ಅಷ್ಟು ವರ್ಷದ ಕಾಯುವಿಕೆಯನ್ನು ಯಾವ ಅಂಗಡಿಯಲ್ಲಿ ಕೊಳ್ಳುತ್ತೀರಿ?

ಈಗ ಅಸಲು ತಕರಾರಿಗೆ ಬರೋಣ. ಇವತ್ತು ಆ ನೋಡಿ ಕಲಿತ ಕಣ್ಣು ಎಷ್ಟೋ ಸಲ ಫೋಟೊ ತೆಗೆದವರದ್ದಲ್ಲ. ಸಫಾರಿ ಜೀಪಿನ ಡ್ರೈವರ್, ರಂಗನತಿಟ್ಟಿನಲ್ಲಿ ದೋಣಿ ನಡೆಸುವವರು, ಕಾಡಂಚಿನ ವಾಚರ್ – ಇವರದ್ದು. ಜಿಂಕೆ ಕೂಗು ಕೇಳಿ ಜೀಪ್ ನಿಲ್ಲಿಸುವವರು, ಬಿಸಿಲು ಬೆನ್ನಿಗೆ ಬರುವಂತೆ ದೋಣಿ ತಿರುಗಿಸುವವರು ಇವರೇ. ಫೋಟೊ ಕೆಳಗೆ ಕ್ಯಾಮೆರಾ ಹೆಸರು, ಲೆನ್ಸ್ ಹೆಸರು, ಶಟರ್ ಸ್ಪೀಡ್ ಎಲ್ಲ ಇರುತ್ತದೆ. ಇವರ ಹೆಸರು ಎಲ್ಲಿ? ಗಾಜಿಗೆ ಸಿಗುವ ಮರ್ಯಾದೆ ಮನುಷ್ಯನಿಗೆ ಬೇಡವೇ?

ತಿಳಿವಳಿಕೆ ಇಲ್ಲದ ಕೈಗೆ ದುಬಾರಿ ಕ್ಯಾಮೆರಾ ಸಿಕ್ಕರೆ ನಷ್ಟ ಪ್ರಾಣಿಗೆ. 'ಇನ್ನೂ ಹತ್ತಿರ ಹೋಗ್ರಿ' ಎಂದು ಡ್ರೈವರಿಗೆ ಒತ್ತಾಯ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಅದನ್ನು ಮೋಸದಿಂದ ಕರೆಯುವುದು. ಗೂಡು ಕಾಣಲಿ ಎಂದು ಮುಂದಿನ ರೆಂಬೆ ಸವರುವುದು. ಫೋಟೊ ತೆಗೆದವರು ಊರಿಗೆ ಹೋಗುತ್ತಾರೆ, ಮರಿಗಳು ಬಿಸಿಲಿಗೆ, ಕಾಗೆಗೆ ಬಲಿಯಾಗುತ್ತವೆ. ಕಾಯುವ ತಾಳ್ಮೆ ಇದ್ದವರಿಗೆ ಇದ್ಯಾವುದೂ ಬೇಕಾಗಿಲ್ಲ.

ಹಳ್ಳಿಯ ಹುಡುಗರು ಹುಡುಗಿಯರಿಗೆ ಒಂದು ಮಾತು. ದೂರದ ಹಕ್ಕಿಗೆ ಉದ್ದದ ಲೆನ್ಸ್ ಬೇಕು, ಮೊಬೈಲ್ ಸಾಲದು, ನಿಜ. ಆದರೆ ಇಎಂಐ ಮೇಲೆ ಲಕ್ಷದ ಕ್ಯಾಮೆರಾ ತರುವ ಮೊದಲು ನಿಮ್ಮೂರ ಕೆರೆ ಏರಿ ಮೇಲೆ ಒಂದು ವರ್ಷ ಕೂತು ನೋಡಿ. ಯಾವ ತಿಂಗಳು ಯಾವ ಹಕ್ಕಿ, ಎಲ್ಲಿ ಕೂರುತ್ತೆ, ಯಾವುದಕ್ಕೆ ಹೆದರುತ್ತೆ ಎಂದು ಬರೆದಿಡಿ. ಆಮೇಲೆ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಸಾಕು. ಪಟ್ಟಣದಿಂದ ಬರುವವರು ದುಡ್ಡು ಕೊಟ್ಟು ಕೇಳುವ ವಿದ್ಯೆ ನಿಮ್ಮ ಮನೆ ಬಾಗಿಲಲ್ಲೇ ಇದೆ.

ಫೋಟೊ ಹಾಕುವವರಿಗೂ ಒಂದು ಮಾತು. ಮುಂದಿನ ಸಲ ಲೆನ್ಸಿನ ಹೆಸರು ಬರೆಯುವ ಮೊದಲು, ಹುಲಿಯನ್ನು ತೋರಿಸಿದವರ ಒಪ್ಪಿಗೆ ಕೇಳಿ, ಅವರ ಹೆಸರು ಬರೆಯಿರಿ.