ಬಟಾಣಿ ಬೇಳೆಯ ಬೋಂಡವೂ ಚರಿತ್ರೆಯ ಪಾಠವೂ

(ಅಂತಿಮ ಬಿ. ಎ. ವಿದ್ಯಾರ್ಥಿ)

ವಾರ್ಷಿಕ ಸಂಚಿಕೆಗೆ ಬೋಂಡದ ವಿಷಯವಾಗಿ ಬರೆಯಹೊರಟ ಈತನಿಗೆ ಬೇರೆ ವಿಷಯವೇ ದೊರೆಯಲಿಲ್ಲವೇ ಎಂದು ವಾಚಕರು ಹುಬ್ಬೇರಿಸಬಹುದು. ಸಾಹಿತ್ಯ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರಗಳೆಂಬ ಘನವಾದ ವಿಷಯಗಳಿರುವಾಗ ಎಣ್ಣೆಯ ಬಾಣಲೆಯ ಮುಂದೆ ಕೂರುವುದು ಬಿ. ಎ. ತರಗತಿಯವನಿಗೆ ಶೋಭಿಸದು ಎಂದು ಸ್ನೇಹಿತರೊಬ್ಬರು ನನಗೆ ಬುದ್ಧಿ ಹೇಳಿಯೂ ಇದ್ದಾರೆ. ನನ್ನ ಅಭಿಪ್ರಾಯ ಬೇರೆ. ಓದುಬರಹ ಬಾರದವರು ತಮ್ಮ ಚರಿತ್ರೆಯನ್ನು ಕೈಕೆಲಸದಲ್ಲಿ ಉಳಿಸಿಹೋಗುತ್ತಾರೆ. ಅದನ್ನು ತಿಳಿಯಬೇಕಾದರೆ ನಾವೂ ಒಮ್ಮೆ ಹಿಟ್ಟಿಗೆ ಕೈಹಾಕಬೇಕು. ಇದಕ್ಕೆ ನಿದರ್ಶನವಾಗಿ ವೆಸ್ಟ್ ಇಂಡೀಸಿನ ಫುಲೌರಿ ಎಂಬ ತಿಂಡಿಯನ್ನು ಆರಿಸಿಕೊಂಡಿದ್ದೇನೆ.

ನಮ್ಮಲ್ಲಿ ಬಹುಮಂದಿಗೆ ವೆಸ್ಟ್ ಇಂಡೀಸ್ ಎಂದರೆ ಕ್ರಿಕೆಟ್ಟು. ರಾಮದೀನ್, ಕನ್ಹಾಯ್, ಕಾಳೀಚರಣ್, ಚಂದ್ರಪಾಲ್ ಎಂಬ ಆಟಗಾರರ ಹೆಸರುಗಳನ್ನು ಉತ್ಸಾಹದಿಂದ ಹೇಳುತ್ತೇವೆ. ಇವು ನಮ್ಮ ಕಡೆಯ ಹೆಸರುಗಳಲ್ಲವೇ, ಅಷ್ಟು ದೂರಕ್ಕೆ ಹೇಗೆ ಹೋದವು ಎಂದು ಮಾತ್ರ ಕೇಳಿಕೊಳ್ಳುವುದಿಲ್ಲ. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ರದ್ದುಪಡಿಸುವ ಶಾಸನವು 1833ರಲ್ಲಿ ಆಯಿತು. ಕಬ್ಬಿನ ತೋಟದ ಒಡೆಯರಿಗೆ ಅಗ್ಗದ ಕೂಲಿಗಳು ಬೇಕಾದರು. 1838ರ ಮೇ 5ರಂದು ಬ್ರಿಟಿಷ್ ಗಯಾನಕ್ಕೂ, 1845ರ ಮೇ 30ರಂದು ‘ಫತೇಲ್ ರಜಾಕ್’ ಎಂಬ ಹಡಗಿನಲ್ಲಿ ಟ್ರಿನಿಡಾಡಿಗೂ ಭಾರತದ ಕೂಲಿಕಾರರು ಮೊದಲಬಾರಿಗೆ ಹೋಗಿಳಿದರು. ಅಲ್ಲಿಂದ 1917ರವರೆಗೆ ಗಯಾನಕ್ಕೆ ಸುಮಾರು 2,39,000 ಮಂದಿಯೂ ಟ್ರಿನಿಡಾಡಿಗೆ ಸುಮಾರು 1,43,000 ಮಂದಿಯೂ ಹೋದರು. ಮದರಾಸು ರೇವಿನಿಂದ ಹೋದವರು ಕೆಲವರುಂಟು. ಹೆಚ್ಚಿನವರು ಈಗಿನ ಉತ್ತರ ಪ್ರದೇಶ, ಬಿಹಾರಗಳ ಹಳ್ಳಿಗರು. ಐದು ವರ್ಷದ ಕರಾರಿಗೆ ಹೆಬ್ಬೆಟ್ಟೊತ್ತಿ ಹೊರಟವರಲ್ಲಿ ಬಹುಪಾಲು ಜನ ಮತ್ತೆ ಊರು ಕಾಣಲಿಲ್ಲ.

ಇವರು ದಿನಚರಿ ಬರೆದಿಡಲಿಲ್ಲ. ಇವರ ಮಾತಾದ ಭೋಜಪುರಿಯೂ ಟ್ರಿನಿಡಾಡಿನಲ್ಲಿ ತಲೆಮಾರಿನಿಂದ ತಲೆಮಾರಿಗೆ ಕ್ಷೀಣಿಸಿ, ಮೊಮ್ಮಕ್ಕಳ ನಾಲಗೆಗೆ ಇಂಗ್ಲಿಷು ಬಂದಿತು. ಆದರೆ ಅಡುಗೆಮನೆಯ ಮಾತುಗಳು ಹೋಗಲಿಲ್ಲ. ಇಂದಿಗೂ ಅಲ್ಲಿ ಜೀರಿಗೆಗೆ ‘ಗೀರಾ’ ಎನ್ನುತ್ತಾರೆ. ಒಗ್ಗರಣೆ ಹಾಕುವುದಕ್ಕೆ ‘ಚೋಂಕೆ’ ಎನ್ನುತ್ತಾರೆ. ಕಾವಲಿಗೆ ‘ತವಾ’ ಎನ್ನುತ್ತಾರೆ. ಭೋಜಪುರಿ ಸೀಮೆಯಲ್ಲಿ ಕಡಲೆಹಿಟ್ಟಿನಿಂದ ಮಾಡುತ್ತಿದ್ದ ಫುಲೌರಿಯೂ ಹಾಗೆಯೇ ಹೆಸರು ಕಳೆದುಕೊಳ್ಳದೆ ಉಳಿಯಿತು.

ಹೆಸರು ಉಳಿಯಿತು, ಸಾಮಗ್ರಿ ಬದಲಾಯಿತು. ಕಡಲೆಹಿಟ್ಟಿನ ಸ್ಥಾನಕ್ಕೆ ಒಡೆದ ಹಳದಿ ಬಟಾಣಿ ಬಂದು, ಅದರೊಡನೆ ಮೈದಾಹಿಟ್ಟೂ ಸೇರಿತು. ಕೊತ್ತಂಬರಿ ಸೊಪ್ಪಿಗೆ ಪ್ರತಿಯಾಗಿ ಅಲ್ಲಿಯದೇ ನೆಲದ ಗರಗಸದಂಚಿನ ಉದ್ದೆಲೆಯ ಸೊಪ್ಪೊಂದು ದೊರೆಯಿತು. ವಾಸನೆ ಕೊತ್ತಂಬರಿಯನ್ನು ಹೋಲುತ್ತಿದ್ದುದರಿಂದ ಅದಕ್ಕೆ ‘ಬನ್‌ಧನಿಯಾ’, ಎಂದರೆ ಕಾಡುಕೊತ್ತಂಬರಿ, ಎಂದು ಹೆಸರಿಟ್ಟರು. ಇನ್ನು ಮೆಣಸಿನಕಾಯಿಯ ಕಥೆ ಸೋಜಿಗದ್ದು. ಅಮೆರಿಕಾ ಖಂಡದ ಈ ಕಾಯಿಯನ್ನು ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ನಮ್ಮ ದೇಶಕ್ಕೆ ತಂದರು. ಅದನ್ನು ತಮ್ಮದೇ ಎಂದು ತಿಂದು ಬೆಳೆದ ನಮ್ಮ ಜನ, ಮೂರು ಶತಮಾನಗಳ ಮೇಲೆ ಅದರ ತವರಿನ ಸೀಮೆಗೇ ಕೂಲಿಗಳಾಗಿ ಹೋದರು!

ಹಾಗಾದರೆ ಇದು ನಿಜವಾದ ಫುಲೌರಿಯಲ್ಲ, ಬೆರಕೆ ತಿಂಡಿ ಎಂದು ಯಾರಾದರೂ ಆಕ್ಷೇಪಿಸಬಹುದು. ನನಗೆ ಹಾಗೆ ತೋರದು. ಸಾಮಗ್ರಿ ಸಿಕ್ಕದಿದ್ದಾಗ ಮಾಡುವುದನ್ನೇ ಬಿಟ್ಟಿದ್ದರೆ ಶುದ್ಧಿಯೇನೋ ಉಳಿಯುತ್ತಿತ್ತು, ತಿಂಡಿ ಉಳಿಯುತ್ತಿರಲಿಲ್ಲ. ಸಿಕ್ಕಿದ ಬೇಳೆಯಲ್ಲಿ, ಸಿಕ್ಕಿದ ಸೊಪ್ಪಿನಲ್ಲಿ ಊರಿನ ರುಚಿಯನ್ನು ಹುಡುಕಿ ತೆಗೆದ ಆ ಕೈಗಳಲ್ಲಿ ವಿವೇಕವಿತ್ತು, ಛಲವೂ ಇತ್ತು.

ಪುಸ್ತಕದಲ್ಲಿ ಇಷ್ಟನ್ನು ಓದಿಕೊಂಡು, ಕಳೆದ ರಜೆಯಲ್ಲಿ ಊರಿಗೆ ಹೋದಾಗ ನಾನೇ ಫುಲೌರಿ ಮಾಡುವೆನೆಂದು ಒಲೆಯ ಮುಂದೆ ಕುಳಿತೆ. “ಬಟಾಣಿ ಬೇಳೇಲಿ ಬೋಂಡ ಯಾರ್ಲಾ ಮಾಡ್ತಾರೆ?” ಎಂದು ನಮ್ಮವ್ವ ನಕ್ಕಳು. ಒಂದು ಪಾವು ಬೇಳೆಯನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ನಾಲ್ಕೈದು ಎಸಳು ಬೆಳ್ಳುಳ್ಳಿ, ಮೂರು ಹಸಿಮೆಣಸಿನಕಾಯಿಗಳೊಡನೆ ನುಣ್ಣಗೆ ರುಬ್ಬಿದೆ. ಅರ್ಧ ಪಾವು ಮೈದಾ, ಅರ್ಧ ಚಮಚ ಅರಿಸಿನ, ಹುರಿದು ಪುಡಿಮಾಡಿದ ಜೀರಿಗೆ, ಉಪ್ಪು, ಚಿಟಿಕೆ ಸೋಡಾ, ಬನ್‌ಧನಿಯಾಕ್ಕೆ ಬದಲಾಗಿ ನಮ್ಮ ಕೊತ್ತಂಬರಿ ಸೊಪ್ಪು, ಇವನ್ನೆಲ್ಲ ಸೇರಿಸಿ ಕಲಸಿದವನೇ ಕಾದ ಎಣ್ಣೆಗೆ ಬಿಟ್ಟೆ. ಹೊರಬಂದುವು ಗೋಲಿಗುಂಡುಗಳು! ನಾಯಿಗೆ ಹಾಕಿದರೆ ಅದೂ ಮೂಸಿನೋಡಿ ಹೊರಟುಹೋಯಿತು.

“ಹಿಟ್ಟಿಗೆ ಗಾಳಿ ತುಂಬ್ದೆ ಎಣ್ಣೆಗೆ ಬಿಟ್ರೆ ಕಲ್ಲಾಗ್ದೆ ಹೂವಾಯ್ತದ?” ಎಂದು ಅವ್ವ ಪಾತ್ರೆಯನ್ನು ತನ್ನತ್ತ ಎಳೆದುಕೊಂಡಳು. ತುಸು ನೀರು ಚಿಮುಕಿಸಿ, ಒಂದೇ ದಿಕ್ಕಿಗೆ ಕೈಯಾಡಿಸುತ್ತ ಹತ್ತು ನಿಮಿಷ ನಾದಿದಳು. ಲೋಟದ ನೀರಿಗೆ ಒಂದು ತೊಟ್ಟು ಹಿಟ್ಟು ಬಿಟ್ಟಳು, ಅದು ತೇಲಿತು. ಅರ್ಧ ಗಂಟೆ ಮುಚ್ಚಿಟ್ಟು, ಆಮೇಲೆ ಹದವಾದ ಉರಿಯಲ್ಲಿ, ಹೆಬ್ಬೆರಳು ತೋರುಬೆರಳುಗಳ ನಡುವಿನಿಂದ ನೆಲ್ಲಿಕಾಯಿ ಗಾತ್ರದಷ್ಟನ್ನು ಜಾರಿಬಿಡುತ್ತ ಬಂದಳು. ಟ್ರಿನಿಡಾಡಿನ ಹೆಂಗಸರೂ ಹಿಟ್ಟು ಬಿಡುವುದು ಹೀಗೆಯೇ. ಅವ್ವನಿಗೆ ಯಾರೂ ಅದನ್ನು ಹೇಳಿಕೊಟ್ಟಿರಲಿಲ್ಲ. ಉಂಡೆಗಳು ಉಬ್ಬಿ, ತಾವೇ ಮಗುಚಿಕೊಂಡು ಹೊಂಬಣ್ಣಕ್ಕೆ ತಿರುಗಿದುವು. ಅಲ್ಲಿಯವರು ಇದಕ್ಕೆ ಹುಣಿಸೆಹಣ್ಣಿನ ಅಥವಾ ಮಾವಿನಕಾಯಿಯ ತೆಳು ಚಟ್ನಿಯನ್ನು ನೆಂಚಿಕೊಳ್ಳುತ್ತಾರೆ. ನಾವು ಹುಣಿಸೆ, ಬೆಲ್ಲಗಳ ಗೊಜ್ಜನ್ನು ಮಾಡಿಕೊಂಡೆವು.

ತಿನ್ನುತ್ತ ಕುಳಿತಾಗ ಅವ್ವ ಕೇಳಿದಳು: “ಅಷ್ಟು ದೂರ ಹೋದೋರು, ಮೊದಲ್ನೇ ದಿವ್ಸ ಒಲೆ ಹಚ್ಚಿ ಏನು ಮಾಡ್ಕೊಂಡ್ರೋ, ಪಾಪ?” ಮೂರು ವರ್ಷ ಚರಿತ್ರೆಯನ್ನು ಐಚ್ಛಿಕವಾಗಿ ಓದಿದ ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ಹೊಸದಾಗಿ ಬಂದವರಿಗೆ ಒಡೆಯರು ಅಕ್ಕಿ, ಬೇಳೆ, ಉಪ್ಪುಗಳನ್ನು ಪಡಿಯಾಗಿ ಅಳೆದುಕೊಟ್ಟು ಅದರ ಬೆಲೆಯನ್ನು ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದರೆಂದು ಓದಿದ್ದೆ, ಅದನ್ನೇ ಹೇಳಿದೆ. “ನಮ್ಮಪ್ಪನ ಕಾಲ್ದಾಗೂ ಹಂಗೇ ಇತ್ತು ಬುಡು” ಎಂದಷ್ಟೇ ಹೇಳಿ ಅವಳು ಬಾಣಲೆ ಇಳಿಸಿದಳು.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ನಮ್ಮವ್ವ ಸಂತೆಯ ದಿನಗಳಲ್ಲಿ ಬೋಂಡ ಬಜ್ಜಿ ಮಾರಿ ನನ್ನನ್ನು ಓದಿಸಿದವಳು. ನನ್ನ ಪುಸ್ತಕ, ಪರೀಕ್ಷಾ ಶುಲ್ಕ ಎಲ್ಲವೂ ಆ ಬಾಣಲೆಯಿಂದ ಬಂದುವು. ಹೀಗಿದ್ದರೂ ಪ್ರವೇಶದ ಅರ್ಜಿಯಲ್ಲಿ ತಾಯಿಯ ಉದ್ಯೋಗ ಎಂಬ ಕಡೆ ನಾನು ‘ಗೃಹಕೃತ್ಯ’ ಎಂದು ಬರೆದೆ. ಹಾಸ್ಟೆಲಿನ ಗೆಳೆಯರು ಬೋಂಡ ತಿನ್ನಲು ಕರೆದಾಗ ಅದರ ವಿಷಯವೇ ತಿಳಿಯದವನಂತೆ ಕುಳಿತೆ. ಸಮುದ್ರದಾಚೆಯ ಜನರ ಫುಲೌರಿಗೆ ಚರಿತ್ರೆಯುಂಟೆಂದು ಪುಸ್ತಕ ನೋಡಿ ಬೆರಗಾದವನಿಗೆ, ತನ್ನ ಮನೆಯ ಬಾಣಲೆಯಲ್ಲಿ ವಿದ್ಯೆಯುಂಟೆಂದು ತಿಳಿಯಲು ಮೂರು ವರ್ಷ ಹಿಡಿಯಿತು! ಈ ವರ್ಷದ ಅರ್ಜಿಯಲ್ಲಿ ‘ಬೋಂಡದ ವ್ಯಾಪಾರ’ ಎಂದು ಬರೆದಿದ್ದೇನೆ.

ನನ್ನಂತೆ ಮನೆಯಲ್ಲಿ ಮೊದಲನೆಯದಾಗಿ ಕಾಲೇಜಿನ ಮೆಟ್ಟಿಲು ಹತ್ತಿದವರು ಈ ಕಾಲೇಜಿನಲ್ಲಿ ಅನೇಕರಿದ್ದಾರೆ. ನಾವು ಪದವೀಧರರಾಗುವುದು ಸಂತೋಷವೇ. ಆದರೆ ನಮ್ಮ ತಾಯಂದಿರ ಕೈಯಲ್ಲಿರುವುದನ್ನು ಕಲಿಯದೆ, ಬರೆದೂ ಇಡದೆ ನಾವು ಪಟ್ಟಣ ಸೇರಿದರೆ ಆ ವಿದ್ಯೆ ಅವರೊಂದಿಗೇ ಮುಗಿಯುತ್ತದೆ. ಹೆಬ್ಬೆಟ್ಟಿನವರು ಸಾವಿರಾರು ಮೈಲಿ ಹೊತ್ತುಕೊಂಡುಹೋಗಿ ಕಾಪಾಡಿದರು. ಅಕ್ಷರ ಬಲ್ಲ ನಾವು ಊರಿನಿಂದ ಪಟ್ಟಣಕ್ಕೆ ತರುವಷ್ಟರಲ್ಲಿ ಕಳೆದುಕೊಂಡೆವು ಎಂಬ ಮಾತು ಬರಬಾರದು.

ಆದುದರಿಂದ ಸಂಪಾದಕ ಮಂಡಲಿಯಲ್ಲಿಯೂ ಗುರುಗಳಲ್ಲಿಯೂ ನನ್ನದೊಂದು ವಿನಂತಿ. ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟಗಳನ್ನು ಇದಕ್ಕಾಗಿ ಮೀಸಲಿಡಬೇಕು. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಒಂದು ಅಡುಗೆಯನ್ನು ತಾನೇ ಒಮ್ಮೆ ಮಾಡಿನೋಡಿ, ಅದರ ಅಳತೆ, ಹದ, ಅದು ಮನೆಗೆ ಬಂದ ಬಗೆಗಳನ್ನು ತಾಯಿಯಿಂದಲೋ ಅಜ್ಜಿಯಿಂದಲೋ ಕೇಳಿ ಬರೆಯಲಿ. ಗಂಡುಹುಡುಗರಿಗೆ ಇದರಿಂದ ವಿನಾಯಿತಿ ಬೇಡ. ಮೊದಲ ಬಾಣಲೆ ಕೆಟ್ಟರೆ ಚಿಂತೆಯಿಲ್ಲ, ನನ್ನದೂ ಕೆಟ್ಟಿತ್ತು.